ಬುಕಿಂಗ್ ಇಲ್ಲದೆ ಬೀಗದ ಕೋಣೆಗೆ

ಕೈಯಿಂದ ದುಡ್ಡು ಕೊಟ್ಟು, ಕೋಣೆಯೊಂದರಲ್ಲಿ ಕೂಡಿಹಾಕಿಸಿಕೊಳ್ಳಲು ಹೋಗಿ, ‘ಜಾಗ ಇಲ್ಲ ಸಾರ್, ನಾಳೆ ಬನ್ನಿ’ ಎಂದು ಹೇಳಿಸಿಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಾನಿದ್ದೇನೆ.

ಕಳೆದ ದಸರಾ ರಜೆಯಲ್ಲಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ನಾನು, ನನ್ನಾಕೆ, ಬಿ.ಕಾಂ. ಓದುತ್ತಿರುವ ಮಗ. ಲಾಲ್‌ಬಾಗು, ವಿಶ್ವೇಶ್ವರಯ್ಯ ಮ್ಯೂಸಿಯಂ ಎಲ್ಲ ಹಿಂದೆಯೇ ಮುಗಿದಿತ್ತು. ‘ಈ ಸಲ ಎಸ್ಕೇಪ್ ರೂಮಿಗೆ ಹೋಗೋಣ’ ಎಂದಳು ಮಗಳು. ಒಂದು ತಂಡವನ್ನು ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕುತ್ತಾರೆ. ಒಳಗೆ ಪೆಟ್ಟಿಗೆ, ಬೀಗ, ಚಿತ್ರಪಟ, ಹಳೆಯ ಪುಸ್ತಕ, ಹೀಗೆ ನೂರೆಂಟು ವಸ್ತುಗಳು. ಅವುಗಳಲ್ಲಿ ಅಡಗಿಸಿಟ್ಟ ಸುಳಿವುಗಳನ್ನು ಹುಡುಕಿ, ಒಂದೊಂದೇ ಒಗಟು ಬಿಡಿಸಿ, ಅರವತ್ತು ನಿಮಿಷದೊಳಗೆ ಹೊರಬರಬೇಕು. ತಲೆಗೆ 800 ರೂಪಾಯಿ. ‘ನಮ್ಮ ಕಾಲದಲ್ಲಿ ಹೆಡ್‌ಮಾಸ್ಟರು ಇದನ್ನು ಪುಕ್ಕಟೆಯಾಗಿ ಮಾಡುತ್ತಿದ್ದರು’ ಎಂದೆ. ಯಾರೂ ನಗಲಿಲ್ಲ.

ಮಗಳು ಮೊಬೈಲಿನಲ್ಲಿ ಬುಕ್ ಮಾಡಲು ಹೊರಟಾಗ ಬೇಡವೆಂದವನು ನಾನೇ. ಸಿನಿಮಾಕ್ಕಾಗಲಿ, ಯಕ್ಷಗಾನಕ್ಕಾಗಲಿ ಕೌಂಟರಿನ ಮುಂದೆ ನಿಂತು ಟಿಕೆಟ್ ತೆಗೆದವನು. ಕೊನೆಗೊಂದು ಬೆಂಚಾದರೂ ಸಿಗದೆ ಹೋದದ್ದಿಲ್ಲ. ಭಾನುವಾರ ಬೆಳಗಿನ ತಿಂಡಿ ಮುಗಿಸಿ ನಾಲ್ವರೂ ಹೋಗಿ ಆ ಕಟ್ಟಡದ ಎರಡನೇ ಮಹಡಿ ಹತ್ತಿದೆವು. ಮೇಜಿನ ಹಿಂದಿದ್ದ ಹುಡುಗನ ಮೊದಲ ಪ್ರಶ್ನೆ: ‘ಬುಕಿಂಗ್ ಇದೆಯಾ ಸಾರ್?’

ಇಲ್ಲ ಎಂದಾಗ ಅವನು ಕಂಪ್ಯೂಟರಿನ ಪರದೆಯನ್ನು ನಮ್ಮತ್ತ ತಿರುಗಿಸಿ ತೋರಿಸಿದ. ಬೆಳಗಿನ ಹನ್ನೊಂದರಿಂದ ರಾತ್ರಿಯವರೆಗೆ ಎಲ್ಲ ಚೌಕಗಳೂ ಕೆಂಪು. ಸಿನಿಮಾ ಮಂದಿರದಲ್ಲಿ ಇನ್ನೂರು ಕುರ್ಚಿಗಳಿದ್ದರೆ ಇನ್ನೂರೊಂದನೆಯವನೊಬ್ಬನಿಗೆ ಮಾತ್ರ ನಿರಾಸೆ. ಇಲ್ಲಿ ಹಾಗಲ್ಲ. ಒಂದು ಹೊತ್ತಿಗೆ ಒಂದು ಕೋಣೆಗೆ ಒಂದೇ ತಂಡ. ಅದರಲ್ಲಿ ಇಬ್ಬರಿರಲಿ, ಆರು ಜನರಿರಲಿ, ಕೋಣೆ ತುಂಬಿದಂತೆಯೇ ಲೆಕ್ಕ. ಆಟ ಅರವತ್ತು ನಿಮಿಷ. ಮೊದಲು ವಿವರಣೆಗೆ ಹತ್ತು ನಿಮಿಷ. ಮುಗಿದ ಮೇಲೆ ಪ್ರತಿ ಬೀಗವನ್ನೂ ಮತ್ತೆ ಹಾಕಿ, ಪ್ರತಿ ಚೀಟಿಯನ್ನೂ ಮೊದಲಿದ್ದ ಜಾಗದಲ್ಲೇ ಇಡಲು ಇನ್ನೊಂದು ಹದಿನೈದು ಇಪ್ಪತ್ತು ನಿಮಿಷ. ಹಿಂದಿನವರು ಒಂದು ಕೀಲಿಕೈಯನ್ನು ಮರೆತು ಜೇಬಿಗೆ ಹಾಕಿಕೊಂಡು ಹೋದರೆ ಮುಂದಿನವರ ಆಟವೇ ಕೆಟ್ಟಿತು. ಒಟ್ಟು ಒಂದೂವರೆ ಗಂಟೆಗೆ ಒಂದು ತಂಡವೆಂದರೆ ದಿನಕ್ಕೆ ಏಳೆಂಟು ತಂಡಗಳು. ಅಷ್ಟೇ. ಇನ್ನು ಆಟದುದ್ದಕ್ಕೂ ಒಬ್ಬರು ಹೊರಗೆ ಕುಳಿತು ಕ್ಯಾಮೆರಾದಲ್ಲಿ ನೋಡುತ್ತಿರಬೇಕು. ಒಳಗಿದ್ದವರು ದಾರಿ ಕಾಣದೆ ನಿಂತಾಗ ಸುಳಿವು ಕೊಡಬೇಕು. ಇವರಿಗೆ ‘ಗೇಮ್ ಮಾಸ್ಟರ್’ ಎನ್ನುತ್ತಾರೆ. ಚಿಕ್ಕ ಜಾಗಗಳಲ್ಲಿ ಬುಕಿಂಗ್ ಇದ್ದರಷ್ಟೇ ಅವರನ್ನು ಕರೆಸುತ್ತಾರಂತೆ. ಮಂಗಳವಾರ ಮಧ್ಯಾಹ್ನ ಖಾಲಿಯಿರುತ್ತದೆಂದು ನೀವು ನೇರವಾಗಿ ಹೋದರೆ ಮುಚ್ಚಿದ ಷಟರ್ ನೋಡಿಕೊಂಡು ಬರಬೇಕಾದೀತು. ಬುಕ್ ಮಾಡಲು ಮನಸ್ಸಿಲ್ಲದವರು ಕೆಲಸದ ದಿನಗಳಲ್ಲಿ ಹೋಗಿ. ಆದರೆ ಮನೆ ಬಿಡುವ ಮೊದಲು ಒಂದು ಫೋನು ಮಾಡಿಯೇ ಹೋಗಿ.

‘ಹನ್ನೆರಡೂವರೆಯ ಪಾರ್ಟಿ ಇನ್ನೂ ದುಡ್ಡು ಪೂರ್ತಿ ಕಟ್ಟಿಲ್ಲ. ಅವರು ಬರದಿದ್ದರೆ ನಿಮಗೆ’ ಎಂದ ಹುಡುಗ. ರೈಲಿನ ಆರ್‌ಎಸಿ ಟಿಕೆಟ್ ಇದ್ದ ಹಾಗೆ. ಗಂಟೆ ಹನ್ನೊಂದು. ಮಗಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಕಾಯುವ ಹೊತ್ತಿನಲ್ಲಿ ಈ ಆಟದ ಹುಟ್ಟಿನ ಕತೆ ನೆನಪಾಯಿತು. ಮೊದಲು ಇದು ಕಂಪ್ಯೂಟರಿನೊಳಗಿತ್ತು. ಜಪಾನಿನ ತೋಶಿಮಿತ್ಸು ತಕಾಗಿ ಎಂಬುವರು 2004ರಲ್ಲಿ ‘ಕ್ರಿಮ್ಸನ್ ರೂಮ್’ ಎಂಬ ಆಟ ಮಾಡಿದರು. ಕೆಂಪು ಗೋಡೆಯ ಕೋಣೆಯಿಂದ ಹೊರಬರುವುದೇ ಆಟ. ಪರದೆಯ ಮೇಲೆ ಮಾಡುವುದನ್ನು ನಿಜವಾದ ಜಾಗದಲ್ಲೇ ಮಾಡಿದರೇನು ಎಂದು ಯೋಚಿಸಿದವರು ತಕಾವೋ ಕಾಟೋ. 2007ರಲ್ಲಿ ಅವರ ‘ಸ್ಕ್ರಾಪ್’ ಸಂಸ್ಥೆ ಕ್ಯೋಟೋ ನಗರದಲ್ಲಿ ಮೊದಲ ಆಟವನ್ನು ನಡೆಸಿತು. 2011ರಲ್ಲಿ ಹಂಗೆರಿಯ ಬುಡಾಪೆಸ್ಟಿನಲ್ಲಿ ಅಟಿಲಾ ಗ್ಯುರ್ಕೋವಿಚ್ ಎಂಬುವರು ‘ಪ್ಯಾರಾಪಾರ್ಕ್’ ತೆರೆದರು. ಸಣ್ಣ ತಂಡ, ಒಂದು ಗಂಟೆ ಎಂಬ ಈಗಿನ ರೂಪ ಯುರೋಪಿನಲ್ಲಿ ಹಬ್ಬಿದ್ದು ಅಲ್ಲಿಂದ. ಹಂಗೆರಿಯ ಮೂಲದವರೇ ಆದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಅವರ ವಿಚಾರ ಅವರಿಗೆ ಪ್ರೇರಣೆಯಂತೆ. ಕೆಲಸ ತೀರಾ ಸುಲಭವೂ ಆಗಿರದೆ, ಕೈಗೆಟುಕದಷ್ಟು ಕಷ್ಟವೂ ಆಗಿರದಿದ್ದರೆ ಮನುಷ್ಯ ಹೊತ್ತು ಹೋದದ್ದೇ ತಿಳಿಯದಂತೆ ಅದರಲ್ಲಿ ಮುಳುಗುತ್ತಾನೆ ಎಂಬುದು ಆ ವಿಚಾರ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇದು ಗೊತ್ತಿಲ್ಲದ್ದೇನಲ್ಲ; ನನ್ನ ತರಗತಿಯಲ್ಲಿ ಎಷ್ಟು ಸಲ ಹಾಗಾಯಿತು ಎಂಬುದು ಬೇರೆ ಮಾತು.

ಅದಿರಲಿ. ಇನ್ನೊಂದು ಊರಿನ ಹೆಸರೂ ನೆನಪಾಯಿತು. ನೆನಪಾದ ಮೇಲೆ ಕುಳಿತಲ್ಲಿ ಕೂರಲಾಗಲಿಲ್ಲ. ಪೋಲೆಂಡಿನ ಕೊಶಾಲಿನ್. 2019ರ ಜನವರಿ 4ರಂದು ಅಲ್ಲಿ ಹದಿನೈದು ವರ್ಷದ ಐದು ಹುಡುಗಿಯರು ಗೆಳತಿಯ ಹುಟ್ಟುಹಬ್ಬಕ್ಕೆಂದು ಇಂಥದೇ ಕೋಣೆಗೆ ಹೋಗಿದ್ದರು. ಹೊರಗೆ, ಕಾಯುವ ಜಾಗದಲ್ಲಿದ್ದ ಗ್ಯಾಸ್ ಹೀಟರಿನಿಂದ ಬೆಂಕಿ ಹೊತ್ತಿತು. ಅಲ್ಲಿದ್ದ ಕೆಲಸಗಾರ ಸುಟ್ಟಗಾಯಗಳೊಂದಿಗೆ ಬದುಕಿಕೊಂಡ. ಒಳಗಿದ್ದವರಿಗೆ ಬೇರೆ ದಾರಿ ಇರಲಿಲ್ಲ. ಐವರನ್ನೂ ಕೊಂದದ್ದು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲವೆಂದು ಪ್ರತಿ ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನಲ್ಲ, ಅದೇ. ಆಮೇಲೆ ಆ ದೇಶದಲ್ಲೆಲ್ಲ ಇಂಥ ಕೋಣೆಗಳ ತಪಾಸಣೆ ನಡೆದು ಎಷ್ಟೋ ಮುಚ್ಚಿದವು.

ಎದ್ದು ಮೇಜಿನ ಬಳಿ ಹೋದೆ. ‘ಒಳಗಿನ ಬಾಗಿಲಿಗೆ ಯಾವ ಬೀಗ?’

‘ಮ್ಯಾಗ್ನೆಟ್ ಸಾರ್.’

ಇದು ಒಳ್ಳೆಯ ಉತ್ತರ. ಚೌಕಟ್ಟಿನ ಮೇಲೊಂದು ವಿದ್ಯುತ್ಕಾಂತ, ಬಾಗಿಲಿಗೊಂದು ಕಬ್ಬಿಣದ ಪಟ್ಟಿ. ಸಾಮಾನ್ಯವಾಗಿ 12 ವೋಲ್ಟ್, ಅರ್ಧ ಆಂಪೇರ್. ಗುಣಿಸಿದರೆ 6 ವ್ಯಾಟ್. ಮನೆಯ ಎಲ್‌ಇಡಿ ಬಲ್ಬು ಇದಕ್ಕಿಂತ ಹೆಚ್ಚು ಉಣ್ಣುತ್ತದೆ. ಅಷ್ಟರಲ್ಲೇ ಅದು ಸುಮಾರು 270 ಕಿಲೋ ಎಳೆತವನ್ನು ತಡೆದು ನಿಲ್ಲುತ್ತದೆ. ಪ್ರವಾಹ ನಿಂತ ಕ್ಷಣ ಕಾಂತಶಕ್ತಿಯೂ ಹೋಗಿ ಬಾಗಿಲು ತಾನಾಗಿ ಬಿಟ್ಟುಕೊಳ್ಳುತ್ತದೆ. ಬೀಗಗಳಲ್ಲಿ ಎರಡು ಜಾತಿ: ಕರೆಂಟು ಹೋದರೆ ತೆರೆಯುವವು, ಕರೆಂಟು ಹೋದರೆ ಹಾಕಿಕೊಂಡೇ ಇರುವವು. ಜನರಿರುವ ಕೋಣೆಗೆ ಎರಡನೆಯದನ್ನು ಹಾಕಕೂಡದು.

‘ಹಾಗಾದರೆ ಕರೆಂಟು ಹೋದರೆ ಬಾಗಿಲು ತೆರೆಯುತ್ತೆ?’

‘ಹೋಗೋದೇ ಇಲ್ಲ ಸಾರ್, ಯುಪಿಎಸ್ ಇದೆ. ನಾಲ್ಕು ಗಂಟೆ ಬರುತ್ತೆ’ ಎಂದ ಹೆಮ್ಮೆಯಿಂದ.

ನನಗೆ ಹೆದರಿಕೆಯಾದದ್ದೇ ಆಗ. ಬೆಂಕಿ ಬಿದ್ದು ಮೈನ್ ಹೋದರೂ ಈ ಪುಣ್ಯಾತ್ಮನ ಬ್ಯಾಟರಿ ಬಾಗಿಲನ್ನು ನಾಲ್ಕು ಗಂಟೆ ಹಿಡಿದುಕೊಂಡೇ ಇರುತ್ತದೆ! ‘ಒಳಗಿನಿಂದ ಸರ್ಕ್ಯೂಟ್ ಕಡಿಯುವ ಬಟನ್ ಎಲ್ಲಿದೆ ತೋರಿಸಿ’ ಎಂದೆ. ಹುಡುಗ ಸೇರಿ ಎರಡು ವಾರವಾಗಿತ್ತಂತೆ. ಗೊತ್ತಿರಲಿಲ್ಲ. ‘ಅಪ್ಪಾ, ಸಾಕು’ ಎಂದಳು ಮಗಳು ಮೆಲ್ಲಗೆ. ಅಷ್ಟರಲ್ಲಿ ಒಳಗಿನ ತಂಡ ಕೂಗುತ್ತಾ ಹೊರಬಂತು. ಹಿಂದೆಯೇ ಗೇಮ್ ಮಾಸ್ಟರ್, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಆಕೆ ಬೇಸರಪಡಲಿಲ್ಲ. ‘ಬನ್ನಿ ಸಾರ್, ಈ ಕೋಣೆ ನೀವು ಆಡೋದಲ್ಲ, ನೋಡಬಹುದು’ ಎಂದು ಕರೆದೊಯ್ದಳು.

ಬಾಗಿಲಿನ ಪಕ್ಕದಲ್ಲಿ ಹಸಿರು ಪೆಟ್ಟಿಗೆಯೊಂದಿತ್ತು. ಒತ್ತಿದಳು. ‘ಟಕ್’ ಎಂದು ಬಾಗಿಲು ಬಿಟ್ಟುಕೊಂಡಿತು. ಯುಪಿಎಸ್ ತಂತಿಯೂ ಇದರ ಮೂಲಕವೇ ಹೋಗುತ್ತದೆಂದು ತೋರಿಸಿದಳು. ನಾವು ಒಳಹೋದ ಬಾಗಿಲಿಗೆ ಆಟದ ಹೊತ್ತಿನಲ್ಲಿ ಬೀಗವನ್ನೇ ಹಾಕುವುದಿಲ್ಲವಂತೆ; ಬೇಡವೆನಿಸಿದಾಗ ತಳ್ಳಿಕೊಂಡು ಬರಬಹುದು. ಈಗ ಅನೇಕ ಕಡೆ ಹೀಗೆಯೇ ಮಾಡುತ್ತಾರೆ. ಹಿಂದೊಮ್ಮೆ ಯಾರೋ ಹುಡುಗರು ಕಬ್ಬಿಣದ ಪಟ್ಟಿಗೆ ಸ್ಟಿಕರ್ ಅಂಟಿಸಿ ಹೋಗಿದ್ದರಿಂದ ಕಾಂತ ಸರಿಯಾಗಿ ಹಿಡಿಯದೆ, ಮುಂದಿನ ತಂಡ ಬಾಗಿಲನ್ನು ಸುಮ್ಮನೆ ಎಳೆದು ಹೊರಬಂದಿತ್ತು ಎಂದು ನಕ್ಕಳು.

ಎಲ್ಲ ಸರಿ ಎಂದುಕೊಂಡು ಹಿಂಬದಿಯ ಮೆಟ್ಟಿಲ ಕಡೆ ನೋಡಿದರೆ, ಅಲ್ಲಿ ಹಳೆಯ ಆಟದ ಸಾಮಾನು ತುಂಬಿದ ಮೂರು ರಟ್ಟಿನ ಪೆಟ್ಟಿಗೆಗಳು, ಮೇಲೊಂದು ಪ್ಲಾಸ್ಟಿಕ್ ಅಸ್ಥಿಪಂಜರ. ದಾರಿ ಅರ್ಧ ಮುಚ್ಚಿತ್ತು. ‘ನಾಳೆ ತೆಗೆಸ್ತೀವಿ ಸಾರ್’ ಎಂದ ಹುಡುಗ. ನಾಳೆ ಎಂಬ ಮಾತನ್ನು ನಾನು ಹೋಂವರ್ಕ್ ವಿಷಯದಲ್ಲಿ ಸಾಕಷ್ಟು ಕೇಳಿದ್ದೇನೆ. ಪೆಟ್ಟಿಗೆ ಸರಿಸದೆ ನಾವು ಆಡುವುದಿಲ್ಲವೆಂದೆ. ನನ್ನಾಕೆ ಸೆರಗಿನಲ್ಲಿ ಮುಖ ಮರೆಸಿಕೊಂಡಳು. ಸುಮ್ಮನೆ ಎದ್ದು ಬಂದು ಪೆಟ್ಟಿಗೆಯ ಇನ್ನೊಂದು ಬದಿ ಹಿಡಿದವನು ಮಗ. ಹುಡುಗನೂ ಕೈಹಾಕಿದ. ಹತ್ತು ನಿಮಿಷದಲ್ಲಿ ದಾರಿ ತೆರವಾಯಿತು. ಅಷ್ಟರಲ್ಲಿ ಬುಕ್ ಮಾಡಿದ್ದ ಇನ್ನೊಂದು ಕುಟುಂಬ ಬಂದು, ಮೊಬೈಲಿನಲ್ಲಿ ಒಪ್ಪಿಗೆ ಪತ್ರದ ಮೇಲೆ ಬೆರಳಾಡಿಸಿ, ಯಾವುದನ್ನೂ ಓದದೆ ಪಕ್ಕದ ಕೋಣೆಯೊಳಗೆ ಹೋಗಿಯೂ ಆಗಿತ್ತು. ಸಮಯ ಗೊತ್ತು ಮಾಡಿಕೊಂಡು ಬಂದಿದ್ದರೆ ನಾವೂ ಹಾಗೆಯೇ ಹೋಗುತ್ತಿದ್ದೆವು.

ಹನ್ನೆರಡೂವರೆಯವರು ಬರಲಿಲ್ಲ. ನಮಗೆ ಸಿಕ್ಕಿದ್ದು ಕಾಣೆಯಾದ ವಿಜ್ಞಾನಿಯೊಬ್ಬನ ಪ್ರಯೋಗಾಲಯ. ನನಗಂತೂ ತವರಿಗೆ ಬಂದಂತಾಯಿತು. ಗೋಡೆಯಲ್ಲೊಂದು ನಿಂತ ಗಡಿಯಾರ, ಅದಕ್ಕೆ ಉದ್ದನೆಯ ಲೋಲಕ. ಕೆಳಗೆ ಮೂರು ಅಂಕಿಯ ಬೀಗ. ಇನ್ನೇನು ಬೇಕು! ಗೇಣು ಹಾಕಿ ಲೋಲಕದ ಉದ್ದ ಅಳೆದೆ. ಸರಿಸುಮಾರು ಒಂದು ಮೀಟರ್. ಅಂದರೆ ಆವರ್ತ ಕಾಲ ಎರಡು ಸೆಕೆಂಡು. 200 ತಿರುಗಿಸಿದೆ. ತೆರೆಯಲಿಲ್ಲ. 201, 199 ನೋಡಿದೆ. ಲೋಲಕವನ್ನು ತೂಗಿಬಿಟ್ಟು ಇಪ್ಪತ್ತು ಆಂದೋಲನ ಎಣಿಸಿದೆ. ಮೂರು ಅಂಕಿಯ ಬೀಗಕ್ಕೆ ಸಾವಿರ ಸಾಧ್ಯತೆ. ಒಂದಕ್ಕೆ ಮೂರು ಸೆಕೆಂಡಾದರೆ ಐವತ್ತು ನಿಮಿಷದಲ್ಲಿ ಎಲ್ಲವನ್ನೂ ತಿರುಗಿಸಿ ನೋಡಿಬಿಡಬಹುದಲ್ಲ ಎಂದೂ ಲೆಕ್ಕ ಹಾಕಿದೆ. ನಾಲ್ಕಂಕಿಯದಾಗಿದ್ದರೆ ಎಂಟು ಗಂಟೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತಿಗೆ ನನ್ನಾಕೆ ಮಡಕೆಯೊಂದರ ತಳದಿಂದ ಪುಟ್ಟ ಟಾರ್ಚ್ ತೆಗೆದಿದ್ದಳು. ನೇರಳಾತೀತ ಬೆಳಕಿನದು, ಹೊತ್ತಿಸಿದೊಡನೆ ನನ್ನ ಬಿಳಿ ಅಂಗಿ, ಸೋಪಿನ ಪುಡಿಯಲ್ಲಿರುವ ಹೊಳಪುಕಾರಕದ ದೆಸೆಯಿಂದ, ನೀಲಿಯಾಗಿ ಹೊಳೆಯಿತು.

‘ಅಪ್ಪಾ, ಅದನ್ನ ಹಿಂದಕ್ಕೆ ತಿರುಗಿಸಿ ನೋಡಿದ್ರಾ?’ ಎಂದ ಮಗ.

ಲೋಲಕದ ಗುಂಡಿನ ಬೆನ್ನಿಗೆ ಟಾರ್ಚ್ ಹಿಡಿದರೆ ಹಸಿರಾಗಿ ಮೂರು ಅಂಕಿಗಳು ಹೊಳೆಯುತ್ತಿದ್ದವು.

ಇಲ್ಲೊಂದು ಮಾತು ಹೇಳಬೇಕು. ನನ್ನ ಮಗ ಪಿಯುಸಿಯಲ್ಲಿ ಫೇಲಾದದ್ದು ಭೌತಶಾಸ್ತ್ರದಲ್ಲಿ. ಊರಿನ ಅರ್ಧ ಮಕ್ಕಳಿಗೆ ಅದರ ಅಡಿಪಾಯ ಹಾಕಿದವನ ಮಗ. ಆಗ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಪೂರಕ ಪರೀಕ್ಷೆಯಲ್ಲಿ ಪಾಸಾಗಿ ಕಾಮರ್ಸಿಗೆ ಸೇರಿದ ಮೇಲೆ ನನ್ನ ವಿಷಯ ನಮ್ಮಿಬ್ಬರ ನಡುವೆ ಬಂದದ್ದೇ ಇಲ್ಲ.

ಬೀರುವಿನಲ್ಲಿ ಖರ್ಚು ಬರೆದ ನೋಟ್‌ಬುಕ್ಕೊಂದಿತ್ತು. ಎರಡು ಸಲ ತೆಗೆದು ನೋಡಿ, ಕೆಲಸಕ್ಕೆ ಬಾರದ್ದೆಂದು ನಾನೇ ಪಕ್ಕಕ್ಕಿಟ್ಟಿದ್ದೆ. ಅವನು ನೆಲದ ಮೇಲೆ ಕುಳಿತು ಬೆರಳು ಓಡಿಸುತ್ತಾ, ‘ಇದು ತಾಳೆ ಆಗ್ತಿಲ್ಲ. ಒಂದು ಕಡೆ ಕೂಡಿದ್ದು ತಪ್ಪಿದೆ’ ಎಂದ. ತಪ್ಪಿದ ಮೊತ್ತವೆಷ್ಟೋ ಅದೇ ಇನ್ನೊಂದು ಬೀಗದ ನಾಲ್ಕು ಅಂಕಿ. ಪೆಟ್ಟಿಗೆ ತೆರೆದಾಗ ಅಕ್ಕ ತಮ್ಮ ಕೂಗಿದ ಕೂಗಿಗೆ ಸ್ಪೀಕರಿನಲ್ಲಿ ಗೇಮ್ ಮಾಸ್ಟರಳೂ ನಕ್ಕಳು.

ಆದರೂ ನಾವು ಗೆಲ್ಲಲಿಲ್ಲ. ಕೊನೆಯ ಬೀಗ ಕೈಯಲ್ಲಿದ್ದಾಗಲೇ ಗಡಿಯಾರ ಸೊನ್ನೆಗೆ ಬಂತು, ಬಾಗಿಲು ‘ಟಕ್’ ಎಂದು ತಾನೇ ಬಿಟ್ಟುಕೊಂಡಿತು. ಲೋಲಕಕ್ಕೆ ನಾನು ಕಳೆದದ್ದು ಹನ್ನೆರಡು ನಿಮಿಷವೆಂದು ಗೇಮ್ ಮಾಸ್ಟರ್ ಲೆಕ್ಕ ಕೊಟ್ಟಳು. ನನ್ನಾಕೆ ಅದನ್ನು ಆ ದಿನ ನಾಲ್ಕು ಸಲ ಹೇಳಿದಳು.

ಮೆಟ್ರೋದಲ್ಲಿ ನಿಂತು ಬರುವಾಗ ಮಗ ಪಕ್ಕಕ್ಕೆ ಬಂದ. ‘ಒಂದು ಸ್ಟಿಕರ್ ಅಂಟಿಸಿದ್ದಕ್ಕೆ 270 ಕಿಲೋ ಹಿಡಿಯೋ ಮ್ಯಾಗ್ನೆಟ್ ಯಾಕೆ ಸೋತುಹೋಯಿತು?’ ಕಾಂತರೇಖೆಗಳಿಗೆ ಕಬ್ಬಿಣದಲ್ಲಿ ಹಾದುಹೋಗುವುದು ಸಲೀಸು, ನಡುವೆ ಕೂದಲೆಳೆಯಷ್ಟು ಅಂತರ ಬಂದರೂ ಕಷ್ಟ ಎಂದು ಶುರುಮಾಡಿದೆ. ಮೊದಲಾಗಿದ್ದರೆ ಬೋರ್ಡಿನ ಮುಂದೆ ನಿಂತವನಂತೆ ಅರ್ಧ ಗಂಟೆ ಹೇಳುತ್ತಿದ್ದೆ. ಈ ಸಲ ಅಲ್ಲಿಗೇ ನಿಲ್ಲಿಸಿದೆ. ಮನೆಗೆ ಬಂದವನು ಅಕ್ಕನ ಫ್ರಿಜ್ಜಿನ ಮೇಲಿದ್ದ ಕಾಂತವೊಂದನ್ನು ಕಿತ್ತು, ಅದರಡಿ ಹಳೆಯ ನೋಟ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದ. ನಾನು ಎಣಿಸುತ್ತಿದ್ದೆ. ಏಳನೆಯ ಹಾಳೆಗೆ ಬಿತ್ತು.