ಸೀಸೆಯಲ್ಲಿ ಬೆಳೆದ ಭತ್ತ

ಮೊನ್ನೆ ಹತ್ತನೆಯ ತರಗತಿಯಲ್ಲಿ ‘ವೃಧ್’ ಧಾತುವಿನಿಂದ ಹುಟ್ಟಿದ ಪದಗಳನ್ನು ಹೇಳಿಕೊಡುತ್ತಿದ್ದೆ. ವೃದ್ಧಿ, ವರ್ಧನ, ವರ್ಧಕ ಎಂದು ಹಲಗೆಯ ಮೇಲೆ ಬರೆಯುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮೇಷ್ಟ್ರೇ, ವರ್ಧಕ ಹಾಕಿ ಭತ್ತವನ್ನು ಸೀಸೆಯಲ್ಲಿ ಬೆಳೆಸುತ್ತಾರಂತೆ. ಅದನ್ನೇ ನಮ್ಮ ಗದ್ದೆಗೆ ಎರಡರಷ್ಟು ಹಾಕಿದರೆ ಬೆಳೆಯೂ ಎರಡರಷ್ಟು ಬರುವುದಿಲ್ಲವೇ?” ಎಂದು ಕೇಳಿದ. ತರಗತಿ ನಕ್ಕಿತು, ನನಗೆ ನಗು ಬರಲಿಲ್ಲ. ಅವನ ಮನೆಯವರು ಅಂಗಡಿಯವನ ಮಾತು ನಂಬಿ ಯಾವುದೋ ‘ಟಾನಿಕ್’ ಕೊಂಡು, ಹೇಳಿದ್ದಕ್ಕಿಂತ ಹೆಚ್ಚಾಗಿ ಸಿಂಪಡಿಸಿ ಕೈಸುಟ್ಟುಕೊಂಡಿದ್ದರೆಂದು ಆಮೇಲೆ ತಿಳಿಯಿತು. ಆ ಹುಡುಗನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಗಿಡದ ಒಂದು ಚೂರನ್ನು ಬೇರ್ಪಡಿಸಿ, ಕ್ರಿಮಿಗಳಿಲ್ಲದ ಸೀಸೆಯಲ್ಲಿ ಆಹಾರ ಕೊಟ್ಟು ಬೆಳೆಸುವುದಕ್ಕೆ ಅಂಗಾಂಶ ಕೃಷಿ ಎಂದು ಹೆಸರು. ಗಿಡದ ಒಂದೊಂದು ಜೀವಕೋಶದಲ್ಲಿಯೂ ಇಡೀ ಗಿಡವಾಗುವ ಶಕ್ತಿ ಅಡಗಿರಬೇಕೆಂದು ಊಹಿಸಿ, 1902ರಲ್ಲಿ ಅಂಥ ಪ್ರಯೋಗವನ್ನು ಪ್ರಕಟಿಸಿದವನು ಆಸ್ಟ್ರಿಯದ ಹೇಬರ್‌ಲಾಂಟ್. ಅವನ ಕೋಶಗಳು ಕೆಲವು ದಿನ ಬದುಕಿದವು, ಒಂದು ಎರಡಾಗಲಿಲ್ಲ. ಕೋಶಕ್ಕೆ ಆಹಾರವಷ್ಟೇ ಸಾಲದು, ‘ಈಗ ಇದಾಗು’ ಎಂಬ ಅಪ್ಪಣೆಯೂ ಬೇಕು. ಆ ಅಪ್ಪಣೆಯನ್ನು ಒಯ್ಯುವ ವಸ್ತುಗಳೇ ಸಸ್ಯಚೋದಕಗಳು. ಅವು ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ.

ಅವುಗಳಲ್ಲಿ ಒಂದನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಭತ್ತವೇ. ಜಪಾನಿನ ಗದ್ದೆಗಳಲ್ಲಿ ಕೆಲವು ಸಸಿಗಳು ಉಳಿದವನ್ನು ಮೀರಿ ಸರಸರನೆ ಎತ್ತರಕ್ಕೆ ಏರಿ, ಬಿಳಿಚಿಕೊಂಡು, ಕಾಳು ಕಟ್ಟದೆ ಸಾಯುತ್ತಿದ್ದವು. ರೈತರು ಅವನ್ನು ‘ಬಕಾನೆ’, ಎಂದರೆ ಪೆದ್ದು ಸಸಿ, ಎಂದು ಕರೆಯುತ್ತಿದ್ದರು. ಇದು ಒಂದು ಬೂಷ್ಟು ಹೊರಸೂಸುವ ರಸದ ಕೆಲಸವೆಂದು 1926ರಲ್ಲಿ ಕುರೊಸಾವಾ ತೋರಿಸಿದನು. 1935ರಲ್ಲಿ ಯಾಬುತಾ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟನು. ಬೆಳೆದದ್ದೆಲ್ಲ ಬೆಳೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನೊಂದು ಸುಳಿವು ದೊರೆತದ್ದು ನಾವು ದೇವರ ಮುಂದೆ ಒಡೆಯುವ ತೆಂಗಿನಕಾಯಿಯಲ್ಲಿ. 1941ರಲ್ಲಿ ವಾನ್ ಓವರ್‌ಬೀಕ್ ಮತ್ತು ಅವನ ಸಂಗಡಿಗರು ಎಳನೀರಿನಂಥ ಆ ದ್ರವವನ್ನು ಸೇರಿಸಿ ದತ್ತೂರಿಯ ಎಳೆಯ ಭ್ರೂಣಗಳನ್ನು ಬೆಳೆಸಿದರು. 1955ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಮಿಲ್ಲರ್, ಸ್ಕೂಗ್ ಮೊದಲಾದವರು ಕೋಶಗಳನ್ನು ವಿಭಜಿಸುವ ಕೈನೆಟಿನ್ ಎಂಬ ವಸ್ತುವನ್ನು ಪತ್ತೆಹಚ್ಚಿದರು. 1957ರಲ್ಲಿ ಆ ಇಬ್ಬರೇ ಹೊಗೆಸೊಪ್ಪಿನ ಅಂಗಾಂಶದಲ್ಲಿ ಒಂದು ದೊಡ್ಡ ನಿಯಮವನ್ನು ಕಂಡರು. ಆಕ್ಸಿನ್ ಎಂಬ ಚೋದಕ ಹೆಚ್ಚಾಗಿ ಕೈನೆಟಿನ್ ಕಡಮೆಯಾದರೆ ಬೇರು. ಕೈನೆಟಿನ್ ಹೆಚ್ಚಾಗಿ ಆಕ್ಸಿನ್ ಕಡಮೆಯಾದರೆ ಚಿಗುರು. ಎರಡೂ ಸಮನಾಗಿದ್ದರೆ ಆಕಾರವಿಲ್ಲದ ಗಡ್ಡೆ. ಮುಖ್ಯವಾದುದು ಮೊತ್ತವಲ್ಲ, ಪ್ರಮಾಣ.

ಈಗ ಭತ್ತದ ಸೀಸೆಗೆ ಬರೋಣ. ಹೊಟ್ಟು ಬಿಡಿಸಿದ ಕಾಳನ್ನು ಔಷಧಿಯಲ್ಲಿ ತೊಳೆದು ಕ್ರಿಮಿಗಳನ್ನು ಕಳೆಯುತ್ತಾರೆ. ಒಂದು ಲೀಟರು ನೀರಿಗೆ ಲವಣಗಳು, ಜೀವಸತ್ವಗಳು, ಸುಮಾರು 30 ಗ್ರಾಂ ಸಕ್ಕರೆ, ಹೆಪ್ಪುಗಟ್ಟಲು ನಮ್ಮ ಮನೆಗಳಲ್ಲಿ ಚೈನಾಗ್ರಾಸ್ ಎನ್ನುವ ಅಗರ್. ಇದಕ್ಕೆ 2,4-ಡಿ ಎಂಬ ಕೃತಕ ಆಕ್ಸಿನ್ನನ್ನು ಸಾಮಾನ್ಯವಾಗಿ 2 ಮಿಲಿಗ್ರಾಂ ಬೆರೆಸುತ್ತಾರೆ. ಭತ್ತದ ಒಂದು ಕಾಳು ತೂಗುವುದೇ 20–25 ಮಿಲಿಗ್ರಾಂ. ಅದರ ಹತ್ತರಲ್ಲೊಂದು ಪಾಲು ಒಂದು ಲೀಟರಿಗೆ! ಕತ್ತಲಲ್ಲಿ ಮೂರು ನಾಲ್ಕು ವಾರ ಇಟ್ಟರೆ ಕಾಳಿನ ಭ್ರೂಣದ ಬಳಿ ಹಳದಿ ಬಣ್ಣದ ಹರಳು ಹರಳಾದ ಗಡ್ಡೆ ಮೂಡುತ್ತದೆ. ಇದೇ ಕ್ಯಾಲಸ್.

ಇನ್ನು ಮುಂದಿನದು ಜಾಣ್ಮೆಯ ಕೆಲಸ. ಗಡ್ಡೆಯನ್ನು ಬರಿಸಿದ ಆ 2,4-ಡಿಯನ್ನೇ ಮುಂದುವರಿಸಿದರೆ ಗಡ್ಡೆ ಗಡ್ಡೆಯಾಗಿಯೇ ಇರುತ್ತದೆ. ಕಾಲ ಕಳೆದಂತೆ ಸಸಿಯಾಗುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಆದುದರಿಂದ ಅದನ್ನು ತೆಗೆದು, ಕೈನೆಟಿನ್ ಗುಂಪಿನ ಚೋದಕ ಹೆಚ್ಚಾಗಿರುವ ಬೇರೊಂದು ಸೀಸೆಗೆ ವರ್ಗಾಯಿಸಿ ಬೆಳಕಿಗೆ ಇಡುತ್ತಾರೆ. ಹಸಿರು ಚುಕ್ಕೆ ಕಾಣುತ್ತದೆ, ಚಿಗುರು ಏಳುತ್ತದೆ, ಬೇರು ಇಳಿಯುತ್ತದೆ. ಅಂಬೆಗಾಲಿಡುವ ಮಗುವಿಗೆ ಹಿಡಿದ ಕೈ ಎಷ್ಟು ಅಗತ್ಯವೋ, ತಕ್ಕ ಹೊತ್ತಿಗೆ ಕೈಬಿಡುವುದೂ ಅಷ್ಟೇ ಅಗತ್ಯ.

ಹಾಲಿನ ಸಾರದಿಂದ ತೆಗೆದ ಕೇಸಿನ್, ಪ್ರೋಲಿನ್ ಎಂಬ ಅಮೈನೋ ಆಮ್ಲ ಮೊದಲಾದುವನ್ನು ಸಹಾಯಕ್ಕೆ ಸೇರಿಸುವುದುಂಟು. ಆದರೆ ಎಲ್ಲ ತಳಿಗೂ ಒಂದೇ ಪಾಕ ಒಗ್ಗುವುದಿಲ್ಲ. ಜಪಾನಿನ ಕಡೆಯ ಜಪಾನಿಕಾ ಭತ್ತ ಬೇಗ ಮಾತು ಕೇಳುತ್ತದೆ. ನಮ್ಮ ಗದ್ದೆಗಳ ಇಂಡಿಕಾ ಭತ್ತ ಹಟಮಾರಿ.

ಇಷ್ಟೆಲ್ಲ ಶ್ರಮ ಏತಕ್ಕೆ? ಬಾಳೆಯಂತೆ ಸಸಿ ಮಾರುವುದಕ್ಕಲ್ಲ. ಒಂದು ಎಕರೆ ನಾಟಿಗೆ ಲಕ್ಷಕ್ಕೂ ಮೀರಿದ ಪೈರು ಬೇಕು. ಅದಕ್ಕೆ ಬೀಜವೇ ಅಗ್ಗ. ಪ್ರಯೋಜನವಿರುವುದು ಹೊಸ ತಳಿಯ ಶೋಧನೆಯಲ್ಲಿ. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಮಾಹೇಶ್ವರಿ ಅವರು ದತ್ತೂರಿಯ ಪರಾಗದಿಂದಲೇ ಭ್ರೂಣಗಳನ್ನು ಪಡೆದು ಜಗತ್ತನ್ನು ಬೆರಗುಗೊಳಿಸಿದರು. 1968ರಲ್ಲಿ ಜಪಾನಿನ ನೀಜೆಕಿ ಮತ್ತು ಓನೊ ಅದೇ ದಾರಿಯಲ್ಲಿ ಭತ್ತದ ಗಿಡಗಳನ್ನು ಪಡೆದರು. ಭತ್ತದ ಕೋಶದಲ್ಲಿ 24 ವರ್ಣತಂತುಗಳು. ಪರಾಗದಲ್ಲಿ 12 ಮಾತ್ರ. ಆ 12 ಇಮ್ಮಡಿಯಾದರೆ ಹುಟ್ಟುವ ಗಿಡದ ಗುಣಗಳು ಒಂದೇ ಪೀಳಿಗೆಯಲ್ಲಿ ನೆಲೆಗೊಳ್ಳುತ್ತವೆ. ಬಿತ್ತಿ, ಆರಿಸಿ, ಮತ್ತೆ ಬಿತ್ತುವ ಹಾದಿಯಲ್ಲಿ ಇದಕ್ಕೆ ಆರೇಳು ಪೀಳಿಗೆಗಳು ಬೇಕಾಗುತ್ತವೆ.

ಇಲ್ಲಿಯೂ ನಷ್ಟವಿಲ್ಲದೆ ಇಲ್ಲ. ಹೀಗೆ ಹುಟ್ಟಿದ ಸಸಿಗಳಲ್ಲಿ ಎಷ್ಟೋ ಅಚ್ಚ ಬಿಳಿ. ಹಸಿರಿಲ್ಲದುದರಿಂದ ಸೀಸೆಯಿಂದ ಹೊರಬಂದರೆ ಬದುಕವು. ಗಡ್ಡೆಯ ಅವಸ್ಥೆ ಬಹುಕಾಲ ನಡೆದರೆ ಗುಣವೇ ಕೆಡುವುದೂ ಉಂಟು.

ಹುಡುಗನ ಪ್ರಶ್ನೆಗೆ ಉತ್ತರ ಈಗ ತಾನಾಗಿಯೇ ಬಂತು. ಸೀಸೆಯಲ್ಲಿ ಭತ್ತದ ಗಡ್ಡೆಯನ್ನು ಸಾಕುವ ಆ 2,4-ಡಿಯೇ ಗದ್ದೆಯಲ್ಲಿ ಅಗಲ ಎಲೆಯ ಕಳೆಗಳನ್ನು ಕೊಲ್ಲುವ ಔಷಧಿ! ಒಂದೇ ವಸ್ತು, ಅಳತೆಯೂ ಎಡೆಯೂ ಬೇರೆ. ನಮ್ಮ ವೈಯಾಕರಣರಿಗೂ ಇದು ಹೊಸದಲ್ಲ. ಬೆಳೆಯುವುದೆಂಬ ‘ವೃಧ್’ ಧಾತುವಿನ ಪಕ್ಕದಲ್ಲಿಯೇ ಕತ್ತರಿಸುವುದೆಂಬ ‘ವರ್ಧ’ ಧಾತುವೂ ಇದೆ. ಮರ ಕೊಯ್ಯುವ ಬಡಗಿಗೆ ‘ವರ್ಧಕಿ’ ಎಂದು ಹೆಸರು. ಮರುದಿನ ಹಲಗೆಯ ಮೇಲೆ ಎರಡನ್ನೂ ಬರೆದೆ. ಹುಡುಗ ನೋಡಿಕೊಂಡು, “ಹಾಗಾದರೆ ಸೀಸೆಯ ಮೇಲಿನ ಹೆಸರಿಗಿಂತ ಅಳತೆಯ ಚೀಟಿ ಓದಬೇಕು ಅಂತ ಅಪ್ಪನಿಗೆ ಹೇಳುತ್ತೇನೆ, ಮೇಷ್ಟ್ರೇ” ಎಂದ. ಆ ದಿನದ ವ್ಯಾಕರಣಪಾಠ ಸಾರ್ಥಕವಾಯಿತೆಂದುಕೊಂಡೆ.