ನಿಮಗಿದು ಗೊತ್ತೇ? ಕಣ್ಣಲ್ಲೇ ಕೊಲ್ಲುವ ಹಾವು, ಕಣ್ಣನ್ನೇ ತಡೆಯುವ ಬೊಂಬೆ

ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಹೊಸ ಕಟ್ಟಡ ಎರಡನೇ ಮಹಡಿಗೆ ಏರುವಷ್ಟರಲ್ಲಿ ಸಾರುವೆಯ ಮೇಲೆ ದೃಷ್ಟಿಬೊಂಬೆ ಬಂದಿರುತ್ತದೆ. ಹುರಿಮೀಸೆ, ಕೋರೆಹಲ್ಲು, ಹೊರಚಾಚಿದ ನಾಲಿಗೆ, ತಟ್ಟೆಯಗಲದ ಕಣ್ಣು. ಎದುರಿನ ಪಿ.ಜಿ.ಯಲ್ಲಿ ರಾತ್ರಿ ಗೇಮ್ ಆಡುವ ಹುಡುಗ, ನೋಟದಲ್ಲೇ ಕೊಲ್ಲುವ ಬ್ಯಾಸಿಲಿಸ್ಕ್ ಎಂಬ ಹಾವು ಎದುರಾದರೆ ಅದರ ಕಣ್ಣಿಗೆ ಕಣ್ಣು ಕೊಡದೆ ಓಡುತ್ತಾನೆ. ಎರಡರ ಹಿಂದಿರುವ ಭಯ ಒಂದೇ.

ಬ್ಯಾಸಿಲಿಸ್ಕ್ ಮೊದಲು ದೈತ್ಯನೇ ಆಗಿರಲಿಲ್ಲ! ಕ್ರಿ.ಶ. 77ರ ಸುಮಾರಿಗೆ ರೋಮಿನ ಲೇಖಕ ಪ್ಲಿನಿ ಬರೆದಂತೆ ಅದರ ಉದ್ದ 12 ಬೆರಳಗಲ ಮೀರದು. ತಲೆಯ ಮೇಲೆ ಕಿರೀಟದಂಥ ಬಿಳಿ ಗುರುತು. ಗ್ರೀಕಿನಲ್ಲಿ ಆ ಹೆಸರಿಗೆ ‘ಪುಟ್ಟ ರಾಜ’ ಎಂದರ್ಥ. ವೀಸಲ್ ಎಂಬ ಸಣ್ಣ ಪ್ರಾಣಿ ಅದನ್ನು ಕೊಲ್ಲಬಲ್ಲದು ಎಂದೂ ಪ್ಲಿನಿ ಹೇಳುತ್ತಾನೆ. ತಲೆಯ ಮೇಲೆ ಗುರುತಿರುವ ಹಾವು, ಅದಕ್ಕೊಂದು ಚುರುಕಿನ ಪುಟ್ಟ ವೈರಿ: ನಮಗೆ ಥಟ್ಟನೆ ನೆನಪಾಗುವುದು ನಾಗರಹಾವು, ಮುಂಗುಸಿ. ನಾಗರಹಾವಿನ ಸುದ್ದಿಯೇ ದೂರ ಸಾಗಿ ಹೀಗೆ ಬೆಳೆದಿರಬಹುದೆಂದು ಊಹಿಸುವವರಿದ್ದಾರೆ. ನನಗೂ ಅದು ಒಪ್ಪುವ ಮಾತು.

ಆಟಕ್ಕೆ ಬ್ಯಾಸಿಲಿಸ್ಕ್ ಇಳಿದದ್ದು 1974ರಲ್ಲಿ. ಆ ವರ್ಷ ಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನಲ್ಲಿ ಬ್ಯಾಸಿಲಿಸ್ಕಿನ ನೋಟಕ್ಕೆ ಸಿಕ್ಕವರು ಕಲ್ಲಾಗುತ್ತಾರೆ.

ನಮ್ಮಲ್ಲಿ ಇಂಥ ಹಾವಿಗೆ ಹೆಸರೇ ಉಂಟು: ದೃಷ್ಟಿವಿಷ. ಸುಶ್ರುತ ಸಂಹಿತೆಯ ಕಲ್ಪಸ್ಥಾನ ಹಾವುಗಳನ್ನು ಎರಡಾಗಿ ವಿಂಗಡಿಸುತ್ತದೆ. ದಿವ್ಯ ಸರ್ಪಗಳಿಗೆ ನೋಟದಲ್ಲೂ ಉಸಿರಲ್ಲೂ ವಿಷ, ಭೂಮಿಯ ಮೇಲಿನ ಹಾವುಗಳಿಗೆ ಹಲ್ಲಲ್ಲಿ ವಿಷ. ವೈದ್ಯ ಎದುರಿಸಬೇಕಾದದ್ದು ಯಾವುದನ್ನು ಎಂಬುದು ಆ ಗ್ರಂಥಕ್ಕೆ ಸ್ಪಷ್ಟವಾಗಿತ್ತು. ನಮ್ಮ ಪುರಾಣಗಳಲ್ಲಿ ಕೊಲ್ಲುವ ನೋಟ ಮನುಷ್ಯರಿಗೂ ಇತ್ತು. ಮುಚುಕುಂದ ನಿದ್ದೆಯಿಂದೆದ್ದು ನೋಡಿದ್ದೇ ಕಾಲಯವನ ಬೂದಿಯಾದ. ಗಾಂಧಾರಿ ಕಣ್ಣಿಗೆ ಕಟ್ಟಿದ್ದ ಬಟ್ಟೆಯ ಸಂದಿನಿಂದ ನೋಟ ಬಿದ್ದದ್ದಕ್ಕೇ ಧರ್ಮರಾಯನ ಕಾಲುಗುರು ಕೆಟ್ಟಿತು.

ಇಂಥ ಕಥೆಗಳನ್ನು ಗೇಮಿಗೆ ತರಬಲ್ಲವರು ನಮ್ಮಲ್ಲೇ ಇದ್ದಾರೆ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಎಂಬ ಕಂಪನಿ ಹೊರದೇಶದ ಗೇಮ್‌ಗಳಿಗೆ ಚಿತ್ರಗಳನ್ನು ಮಾಡಿಕೊಟ್ಟಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿ ಕೊಂಡಿತು. ಅಷ್ಟು ಪಳಗಿದ ಕೈಗಳಿರುವ ಊರಿನಿಂದ ದೃಷ್ಟಿವಿಷದ ಹಾವೊಂದು ಗೇಮಿಗೆ ಹೊರಟರೆ ಎಷ್ಟು ಚೆನ್ನ!

ನಿಜದ ಹಾವಿನ ನೋಟಕ್ಕೂ ಹೆದರುತ್ತೇವೆ. ಹಾವು ರೆಪ್ಪೆ ಬಡಿಯುವುದಿಲ್ಲ, ಏಕೆಂದರೆ ಅದಕ್ಕೆ ರೆಪ್ಪೆಯೇ ಇಲ್ಲ. ಕಣ್ಣ ಮೇಲೆ ಪಾರದರ್ಶಕ ಪೊರೆಯಿದೆ, ಪೊರೆ ಕಳಚುವಾಗ ಅದೂ ಕಳಚುತ್ತದೆ. ಬನ್ನೇರುಘಟ್ಟದ ಕಾಡು ಹತ್ತಿರವಿರುವ ಎಲೆಕ್ಟ್ರಾನಿಕ್ ಸಿಟಿಯ ಕಡೆ ಕೇರೆಹಾವು ಕಂಡರೆ ಅದು ದಿಟ್ಟಿಸಿ ನೋಡುತ್ತಿದೆ ಎಂದು ಹೆದರಿ ಬಡಿಯಬೇಡಿ. ಅದಕ್ಕೆ ವಿಷವಿಲ್ಲ, ಅದು ಹುಡುಕುವುದು ಇಲಿಯನ್ನು.

ಹಾವಿನ ಕಣ್ಣಿನ ಭಯದ ಜೊತೆಗೆ ನಮಗೆ ನೆರೆಯವರ ಕಣ್ಣಿನ ಭಯವೂ ಉಂಟು. ‘ನರರ ಕಣ್ಣಿಗೆ ಮರವೂ ಸಿಡಿಯುತ್ತದೆ’ ಎನ್ನುತ್ತೇವೆ. ಬ್ಯಾಸಿಲಿಸ್ಕಿಗೆ ಕನ್ನಡಿ ಹಿಡಿದರೆ ತನ್ನ ನೋಟಕ್ಕೆ ತಾನೇ ಸಾಯುತ್ತದೆ ಎಂದು ಯುರೋಪಿನಲ್ಲಿ ನಂಬಿಕೆಯಿತ್ತು. ದೃಷ್ಟಿಬೊಂಬೆಯ ಯುಕ್ತಿಯೂ ಅದರ ಹತ್ತಿರದ್ದೇ: ಬಂದ ಕಣ್ಣು ಮನೆಯ ಮೇಲೆ ಬೀಳುವ ಮೊದಲೇ ಅದಕ್ಕಿಂತ ದೊಡ್ಡ ಕಣ್ಣಿಗೆ ಸಿಕ್ಕಿಬೀಳಬೇಕು. ಈಚೆಗೆ ಕಣ್ಣರಳಿಸಿ ದುರುಗುಟ್ಟುವ ಹೆಂಗಸಿನ ಫೋಟೋವನ್ನೂ ಕಟ್ಟಡಗಳಿಗೆ ತೂಗುಹಾಕುತ್ತಾರೆ. ಮಗುವಿನ ಕೆನ್ನೆಯ ಕಾಡಿಗೆ ಬೊಟ್ಟಿನ ಕೆಲಸವೂ ಇದೇ.

ದೃಷ್ಟಿ ತೆಗೆಯುವ ಕೆಂಪು ನೀರಿನಲ್ಲಿ ಕೆಂಪು ಬಣ್ಣವನ್ನೇ ಹಾಕಿರುವುದಿಲ್ಲ! ಅರಿಸಿನದ ನೀರಿಗೆ ಸುಣ್ಣ ಸೇರಿದರೆ ಸಾಕು. ಸುಣ್ಣದ ಕ್ಷಾರ ತಗುಲಿ ಅರಿಸಿನದ ಕರ್ಕ್ಯುಮಿನ್ ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ನಿಂಬೆರಸ ಹಿಂಡಿ ನೋಡಿ, ಮತ್ತೆ ಹಳದಿ.

ಪೀಣ್ಯದ ವರ್ಕ್‌ಶಾಪುಗಳಲ್ಲಿ ಆಯುಧಪೂಜೆಯ ದಿನ ಯಂತ್ರಕ್ಕೆ ನಿವಾಳಿಸಿ ಬೂದುಗುಂಬಳ ಒಡೆಯುತ್ತಾರೆ. ಆ ಹೋಳುಗಳನ್ನು ರಸ್ತೆಯಿಂದ ಬದಿಗೆ ಸರಿಸಿಬಿಡಿ, ಇಲ್ಲದಿದ್ದರೆ ಬೈಕಿನವರು ಜಾರಿ ಬೀಳುತ್ತಾರೆ.

ಕಣ್ಣೆತ್ತಿ ನೋಡಲೇಬಾರದಂಥದ್ದು ಪೀಣ್ಯದಲ್ಲಿ ನಿಜಕ್ಕೂ ಒಂದಿದೆ: ವೆಲ್ಡಿಂಗಿನ ಕಿಡಿಬೆಳಕು. ಅದರ ನೇರಳಾತೀತ ಕಿರಣ ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪದರವನ್ನು ಸುಡುತ್ತದೆ. ನೋಡಿದಾಗ ಏನೂ ಅನಿಸದು. ಕೆಲವು ಗಂಟೆ ಕಳೆದು, ಹಲವರಿಗೆ ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಎರಚಿದಂಥ ಉರಿ, ನೀರು. ಕಪ್ಪು ಗಾಜಿನ ಶೀಲ್ಡು ವೆಲ್ಡರ್ ಕೈಯಲ್ಲಿರುತ್ತದೆ. ಪಕ್ಕದಲ್ಲಿ ಕಬ್ಬಿಣ ಹಿಡಿದು ನಿಂತ ಹೆಲ್ಪರ್ ಹುಡುಗನಿಗೆ ಎಷ್ಟೋ ಕಡೆ ಅಂಗೈಯೇ ಅಡ್ಡ. ಅವನಿಗೂ ಒಂದು ಶೀಲ್ಡು ಕೊಡಿಸಿ. ಉರಿ ಬಂದರೆ ಕಣ್ಣು ಉಜ್ಜದೆ, ಮನೆಮದ್ದು ಹಾಕದೆ, ನೇರ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ಯಿರಿ.