ಫ್ಲ್ಯಾಟಿಗೊಂದು ನೀರಿನ ಮೀಟರ್: ಕೈ ಎತ್ತುವ ಮುನ್ನ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಕರೆಂಟಿಗೆ ಮನೆಗೊಂದು ಮೀಟರ್ ಇದೆ. ನೀರಿಗೆ ಮಾತ್ರ ಹೆಚ್ಚಿನ ಕಡೆ ಇಡೀ ಕಟ್ಟಡಕ್ಕೆ ಜಲಮಂಡಳಿಯ ಒಂದೇ ಮೀಟರ್. ಅದರ ಬಿಲ್ಲು, ಬೋರ್‌ವೆಲ್ ಪಂಪಿನ ಕರೆಂಟು, ಟ್ಯಾಂಕರಿನ ಖರ್ಚು ಎಲ್ಲವೂ ಮೇಂಟೆನೆನ್ಸಿನಲ್ಲಿ ಸೇರಿ, ಚದರಡಿ ಲೆಕ್ಕದಲ್ಲೋ ಮನೆಗಿಷ್ಟು ಎಂದೋ ಹಂಚಿಹೋಗುತ್ತವೆ. ಇಬ್ಬರೇ ಇರುವ ಹಿರಿಯ ದಂಪತಿ ಕಟ್ಟುವುದೂ ಆರು ಜನರ ಸಂಸಾರ ಕಟ್ಟುವುದೂ ಒಂದೇ ಮೊತ್ತ. ಬಾಣಂತನಕ್ಕೆಂದು ಮೂರು ತಿಂಗಳು ಮನೆಗೆ ಬೀಗ ಹಾಕಿ ಮಗಳ ಊರಿಗೆ ಹೋದವರಿಗೂ ರಿಯಾಯಿತಿ ಇಲ್ಲ.

ಇದನ್ನು ಪ್ರಶ್ನಿಸುವ ದನಿ ಜೋರಾದದ್ದು 2024ರ ಬೇಸಿಗೆಯಲ್ಲಿ. ಹಿಂದಿನ ವರ್ಷ ಮಳೆ ಕೈಕೊಟ್ಟು ನಗರದ ಸಾವಿರಾರು ಬೋರ್‌ವೆಲ್‌ಗಳು ಬತ್ತಿದ್ದವು. ಟ್ಯಾಂಕರ್ ದರ ಮನಸ್ಸಿಗೆ ಬಂದಂತೆ ಏರಿದಾಗ ಮಾರ್ಚ್‌ನಲ್ಲಿ ಜಿಲ್ಲಾಡಳಿತವೇ ದರ ನಿಗದಿ ಮಾಡಿತು: 5 ಕಿ.ಮೀ. ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಭರವಸೆ ಸಿಕ್ಕಿತು. ಹಲವು ನಿವಾಸಿ ಸಂಘಗಳಲ್ಲಿ ಮೀಟರ್ ಚರ್ಚೆಯೂ ಅಲ್ಲಿಗೇ ತಣ್ಣಗಾಯಿತು.

ತಣ್ಣಗಾಗಬಾರದಿತ್ತು. ನಮ್ಮ ನಲ್ಲಿಗೆ ಬರುವ ಕಾವೇರಿ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರದಿಂದ ಸುಮಾರು 100 ಕಿ.ಮೀ. ದೂರ ಸಾಗಿ, ನೂರಾರು ಮೀಟರ್ ಎತ್ತರ ಏರಿ ಬರುತ್ತಾಳೆ. ಆ ಪಂಪುಗಳ ಕರೆಂಟಿನ ಹೊರೆಯೇ ದೊಡ್ಡದು. 2014ರ ನಂತರ ಮೊದಲ ಬಾರಿಗೆ, 2025ರ ಏಪ್ರಿಲ್‌ನಲ್ಲಿ ಮಂಡಳಿ ದರ ಏರಿಸಿತು. ನೀರು ಇನ್ನು ಅಗ್ಗವಾಗುವ ದಾರಿ ಕಾಣುವುದಿಲ್ಲ.

ಯಾರಿಗೆ ಲಾಭ?

ಟ್ಯಾಂಕರನ್ನೇ ನಂಬಿರುವ ಕಟ್ಟಡವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನಗರಗಳಿಗೆ ಕೇಂದ್ರದ ಮಾನದಂಡ ಒಬ್ಬರಿಗೆ ದಿನಕ್ಕೆ 135 ಲೀಟರ್. ಆ ಪ್ರಕಾರ ನಾಲ್ವರ ಮನೆಗೆ ತಿಂಗಳಿಗೆ 16,200 ಲೀಟರ್, ಇಬ್ಬರ ಮನೆಗೆ 8,100 ಲೀಟರ್. 12,000 ಲೀಟರಿಗೆ ಸಾವಿರ ರೂಪಾಯಿ ಎಂದರೆ ಮೊದಲ ಮನೆಯ ನೀರಿನ ಬೆಲೆ 1,350 ರೂಪಾಯಿ, ಎರಡನೆಯದರದ್ದು 675. ಸಮನಾಗಿ ಹಂಚಿದರೆ ಇಬ್ಬರಿಗೂ ಸುಮಾರು 1,010 ರೂಪಾಯಿ ಬೀಳುತ್ತದೆ. ಅಂದರೆ ಚಿಕ್ಕ ಮನೆಯವರು ತಿಂಗಳಿಗೆ 335 ರೂಪಾಯಿಯಷ್ಟು ಪಕ್ಕದವರ ನೀರಿಗೆ ಕೊಡುತ್ತಿದ್ದಾರೆ.

ಈ ಲೆಕ್ಕ ಮಾತ್ರ ಮುಂದಿಟ್ಟರೆ ಸಂಘದ ಸಭೆಯಲ್ಲಿ ಅರ್ಧ ಜನ ಹೌದೆನ್ನುತ್ತಾರೆ, ಉಳಿದರ್ಧ ಬೇಡವೆನ್ನುತ್ತಾರೆ. ನೋಡಬೇಕಾದ ಲೆಕ್ಕ ಇನ್ನೊಂದಿದೆ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ, ಮನೆಮನೆಗೆ ಮೀಟರ್ ಹಾಕಿ ಅದರಂತೆ ಬಿಲ್ ಕೊಟ್ಟ ಅಪಾರ್ಟ್‌ಮೆಂಟ್‌ಗಳಲ್ಲಿ ಬಳಕೆ ಶೇ 15.3ರಷ್ಟು ಕಡಿಮೆ ಇತ್ತು. ಮೀಟರ್ ಇಲ್ಲದೆ, ಜನಸಂಖ್ಯೆ ಅಥವಾ ವಿಸ್ತೀರ್ಣದ ಸೂತ್ರದಿಂದ ಬಿಲ್ ಹಂಚಿದ ಕಡೆ ಹೇಳಿಕೊಳ್ಳುವಂಥ ಉಳಿತಾಯ ಕಾಣಲಿಲ್ಲ. ತಿಂಗಳಿಗೆ 12 ಲಕ್ಷ ಲೀಟರ್ ಬಳಸುವ ನಮ್ಮ ಕಟ್ಟಡವೊಂದರಲ್ಲಿ ಶೇ 15 ಉಳಿದರೂ 1.8 ಲಕ್ಷ ಲೀಟರ್; ದೊಡ್ಡ ಟ್ಯಾಂಕರ್ 15 ಸಲ ಬರುವುದು ತಪ್ಪುತ್ತದೆ. ಮನೆಯಲ್ಲಿ ಬಳಸಿದ ನೀರಿನ ಸುಮಾರು ಶೇ 80 ಭಾಗ ಒಳಚರಂಡಿ ಸೇರುವುದರಿಂದ ಕಟ್ಟಡದ ಕೊಳಚೆ ನೀರು ಶುದ್ಧೀಕರಣ ಘಟಕದ (ಎಸ್‌ಟಿಪಿ) ಕರೆಂಟು, ಕೆಮಿಕಲ್ ಖರ್ಚೂ ಇಳಿಯುತ್ತದೆ. ಇದರಲ್ಲಿ ನಾಲ್ವರ ಮನೆಗೂ ಪಾಲಿದೆ.

ಪೈಪು ಎಷ್ಟಿವೆ?

ಉತ್ಸಾಹಕ್ಕೆ ಮೊದಲ ಅಡ್ಡಿ ಗೋಡೆಯ ಹಿಂದಿದೆ. ಹಳೆಯ ಕಟ್ಟಡಗಳಲ್ಲಿ ತಾರಸಿಯ ಟ್ಯಾಂಕಿನಿಂದ ಅಡುಗೆಮನೆಗೆ ಒಂದು ಪೈಪು, ಪ್ರತಿ ಬಾತ್‌ರೂಮಿಗೆ ಒಂದೊಂದು, ಬಟ್ಟೆ ಒಗೆಯುವ ಯುಟಿಲಿಟಿಗೆ ಮತ್ತೊಂದು ಎಂದು ಬೇರೆಬೇರೆಯಾಗಿ ಡಕ್ಟಿನಲ್ಲಿ ಇಳಿದಿರುತ್ತವೆ. ಎರಡು ಬೆಡ್‌ರೂಮಿನ ಫ್ಲ್ಯಾಟಿಗೂ ನಾಲ್ಕು ಮೀಟರ್ ಬೇಕಾಗಬಹುದು. ಸೋಲಾರ್ ಬಿಸಿನೀರಿನ ಲೈನ್ ಇದ್ದರೆ ಅದು ಐದನೆಯದು. ಒಂದು ಲೈನ್ ಬಿಟ್ಟುಹೋದರೂ ಲೆಕ್ಕ ಸುಳ್ಳಾಗುತ್ತದೆ, ಜಗಳಕ್ಕೆ ದಾರಿಯಾಗುತ್ತದೆ. ಆದ್ದರಿಂದ ಕೊಟೇಶನ್ ಕೇಳುವಾಗ ಮನೆಗೆ ಎಷ್ಟು ಎಂದಲ್ಲ, ಎಲ್ಲ ಲೈನುಗಳೂ ಸೇರಿ ಎಷ್ಟು ಎಂದು ಕೇಳಬೇಕು. ಅದಕ್ಕೂ ಮೊದಲು ಪ್ಲಂಬರ್ ಜೊತೆ ನಿಂತು ಒಂದೊಂದೇ ವಾಲ್ವ್ ಬಂದ್ ಮಾಡಿಸಿ, ಯಾವ ನಲ್ಲಿ ನಿಲ್ಲುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು.

ಬೋರ್‌ವೆಲ್ ನೀರಿರುವ ಕಡೆ ಇನ್ನೊಂದು ಎಚ್ಚರ ಬೇಕು. ಒಳಗೆ ಚಕ್ರ ತಿರುಗುವ ಯಾಂತ್ರಿಕ ಮೀಟರಿನಲ್ಲಿ ಮರಳು, ಸುಣ್ಣದ ಪದರ ಕೂತು ಅದು ನಿಧಾನವಾಗುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಮುಂದೆ ಜಾಲರಿ ಇರಲೇಬೇಕು, ಅದನ್ನು ಆಗಾಗ ತೊಳೆಯಲೂ ಬೇಕು. ಅಲ್ಟ್ರಾಸಾನಿಕ್ ಮೀಟರಿನಲ್ಲಿ ತಿರುಗುವ ಭಾಗವಿಲ್ಲ. ಬೆಲೆ ಹೆಚ್ಚು, ಬ್ಯಾಟರಿಗೆ ಆಯಸ್ಸಿದೆ. ಮೊಬೈಲಿಗೆ ರೀಡಿಂಗ್ ಕಳಿಸುವ ಸ್ಮಾರ್ಟ್ ಮೀಟರಾದರೆ ತಿಂಗಳ ಸೇವಾಶುಲ್ಕ ಎಷ್ಟು, ಕಂಪನಿ ಬಾಗಿಲು ಹಾಕಿದರೆ ಮೀಟರನ್ನು ಕಣ್ಣಾರೆ ಓದಬಹುದೇ ಎಂಬುದನ್ನು ಒಪ್ಪಂದಕ್ಕೆ ಮೊದಲೇ ಕೇಳಿಕೊಳ್ಳಿ.

ಪುಟ್ಟ ಚಕ್ರ ಹೇಳುವ ಗುಟ್ಟು

ಯಾಂತ್ರಿಕ ಮೀಟರಿನ ಮುಚ್ಚಳ ಎತ್ತಿದರೆ ಸಾಮಾನ್ಯವಾಗಿ ಕಪ್ಪು ಅಂಕಿಗಳು ಕಾಣುತ್ತವೆ. ಅವು ಸಾವಿರ ಲೀಟರಿನ ಲೆಕ್ಕ. ಕೆಂಪು ಅಂಕಿಗಳೋ ಮುಳ್ಳುಗಳೋ ಅದಕ್ಕಿಂತ ಕಡಿಮೆಯ ಲೆಕ್ಕ ಹೇಳುತ್ತವೆ. ಇವೆರಡಕ್ಕಿಂತ ಉಪಕಾರಿ ನಡುವೆ ಇರುವ, ನಕ್ಷತ್ರದ ಆಕಾರದ ಪುಟ್ಟ ಚಕ್ರ. ರಾತ್ರಿ ಮಲಗುವ ಮುನ್ನ ಮನೆಯ ಎಲ್ಲ ನಲ್ಲಿ ಮುಚ್ಚಿ ಟಾರ್ಚ್ ಬಿಟ್ಟು ನೋಡಿ. ಅದು ನಿಂತಿದ್ದರೆ ಸರಿ. ಮೆಲ್ಲಗೆ ತಿರುಗುತ್ತಿದ್ದರೆ ಎಲ್ಲೋ ನೀರು ಸೋರುತ್ತಿದೆ ಎಂದರ್ಥ. ಬಹಳ ಸಲ ಕಳ್ಳ ಸಿಗುವುದು ಫ್ಲಷ್ ಟ್ಯಾಂಕಿನಲ್ಲಿ: ಸವೆದ ರಬ್ಬರ್ ವಾಷರ್ ದಾಟಿ, ಸದ್ದಿಲ್ಲದೆ ಕಮೋಡಿನ ಗೋಡೆಗುಂಟ ಹರಿಯುವ ತೆಳ್ಳನೆಯ ನೀರು. ವಾಷರಿನ ಬೆಲೆ ಅಲ್ಪ. ತಿಂಗಳಾನುಗಟ್ಟಲೆ ಅದು ಹರಿಸುವ ನೀರು ಅಪಾರ.

ಕಟ್ಟಡಕ್ಕೂ ಇದೇ ಪರೀಕ್ಷೆ. ಒಳಗೆ ಬಂದ ಒಟ್ಟು ನೀರು ಹತ್ತು ಲಕ್ಷ ಲೀಟರ್, ಎಲ್ಲ ಮನೆಗಳ ಮೀಟರ್ ಕೂಡಿಸಿದರೆ ಎಂಟೂವರೆ ಲಕ್ಷ ಎಂದಿಟ್ಟುಕೊಳ್ಳಿ. ಉಳಿದ ಒಂದೂವರೆ ಲಕ್ಷ ತೋಟಕ್ಕೆ, ಕಾರಿಡಾರ್ ತೊಳೆಯುವುದಕ್ಕೆ ಹೋಯಿತೇ, ಟ್ಯಾಂಕ್ ತುಂಬಿ ಚೆಲ್ಲಿತೇ, ಸಂಪಿನ ಬಿರುಕಿನಲ್ಲಿ ಇಂಗಿತೇ? ಇಂದು ಈ ಪ್ರಶ್ನೆ ಕೇಳಲೂ ನಮ್ಮ ಬಳಿ ಅಂಕಿ ಇಲ್ಲ. ಮೀಟರಿನ ದೊಡ್ಡ ಉಪಕಾರ ಇದೇ ಎಂದು ನನ್ನ ನಂಬಿಕೆ: ಯಾರೂ ಬಳಸದೆ ಎಲ್ಲರೂ ದುಡ್ಡು ಕೊಡುತ್ತಿರುವ ನೀರನ್ನು ಅದು ಹಿಡಿದು ತೋರಿಸುತ್ತದೆ.

ದರದಲ್ಲಿ ಮಾನವೀಯತೆ

ಮೀಟರ್ ಹಾಕಿಸಿದ ಮಾತ್ರಕ್ಕೆ ನ್ಯಾಯ ಸಿಕ್ಕಿತು ಎನ್ನಲಾಗದು. ಜಲಮಂಡಳಿಯ ಮನೆ ಸಂಪರ್ಕದ ದರ ಮೊದಲ 8,000 ಲೀಟರಿಗೆ ಕಡಿಮೆ, ಬಳಕೆ ಏರಿದಂತೆ ಹೆಚ್ಚು. ಸಂಘವೂ ಇದನ್ನೇ ಮನೆ ಲೆಕ್ಕದಲ್ಲಿ ತಂದರೆ ಅಜ್ಜ, ಅಜ್ಜಿ, ಮಕ್ಕಳೆಲ್ಲ ಒಟ್ಟಿಗಿರುವ ತುಂಬು ಸಂಸಾರಕ್ಕೆ ಬರೆ ಬೀಳುತ್ತದೆ. ಹಾಸಿಗೆ ಹಿಡಿದವರಿರುವ, ಹಸುಗೂಸಿರುವ ಮನೆಗೆ ನೀರು ಹೆಚ್ಚು ಬೇಕು; ಅದು ದುಂದಲ್ಲ. ಆದ್ದರಿಂದ ತಲೆಗೆ 135 ಲೀಟರ್‌ವರೆಗೆ ಕಡಿಮೆ ದರ, ಆಚೆಗೆ ಏರುದರ ಇರಲಿ. ಪಂಪು, ಟ್ಯಾಂಕ್ ಸ್ವಚ್ಛತೆಯಂಥ ಸ್ಥಿರ ಖರ್ಚು ಎಲ್ಲರಿಗೂ ಹಂಚಿಕೆಯಾಗಲಿ. ಮೊದಲ ಮೂರು ತಿಂಗಳು ರೀಡಿಂಗ್ ಮಾತ್ರ ತಿಳಿಸಿ, ಹಣ ಹಳೆಯ ಪದ್ಧತಿಯಲ್ಲೇ ಪಡೆಯಿರಿ; ಸೋರಿಕೆ ರಿಪೇರಿಗೆ ಎಲ್ಲರಿಗೂ ಕಾಲಾವಕಾಶ ಸಿಗುತ್ತದೆ. ಬಾಡಿಗೆದಾರರನ್ನೂ ಸಭೆಗೆ ಕರೆಯಿರಿ. ನೀರು ಬಳಸುವವರು, ಬಿಲ್ ಕಟ್ಟುವವರು ಅವರೇ.

ಪ್ರತಿ ಮನೆಗೂ ಒಂದೇ ಪೈಪ್ ಇರುವ ಹೊಸ ಕಟ್ಟಡವಾದರೆ ಎರಡನೇ ಯೋಚನೆ ಬೇಡ, ಮೀಟರ್ ಹಾಕಿಸಿ. ಹಳೆಯದಾದರೆ ಮೊದಲು ಬ್ಲಾಕಿಗೊಂದು ಮೀಟರ್ ಇಟ್ಟು ಸೋರಿಕೆ ಹಿಡಿಯಿರಿ, ಪೈಪ್ ಬದಲಿಸುವ ಕಾಲಕ್ಕೆ ಮನೆಗಳಿಗೂ ಹಾಕಿಸಿ. ಇದನ್ನು ಮುಂದಿನ ಬರಗಾಲದಲ್ಲಿ, ಟ್ಯಾಂಕರಿಗೆ ಸಾಲುಗಟ್ಟಿದಾಗ ತೀರ್ಮಾನಿಸುವುದಕ್ಕಿಂತ ನೆಮ್ಮದಿಯಾಗಿ ನೀರು ಬರುತ್ತಿರುವ ಈಗಲೇ, ಅಂಕಿ ಅಂಶ ಮುಂದಿಟ್ಟುಕೊಂಡು ತೀರ್ಮಾನಿಸುವುದು ಮೇಲು.